ಪಡಿಚೀಲದ ಪಂಕ್ತಿ: ಲಾಕ್‌ಡೌನಿನಲ್ಲಿ ಮಾವನವರ ಷಷ್ಟ್ಯಬ್ದಿ ಮಾಡಿದ ನನ್ನ ಅನುಭವ

ಲಾಕ್‌ಡೌನಿನ ಕಾಲದಲ್ಲಿ ಮನೆಯ ಶುಭಕಾರ್ಯಗಳನ್ನು ಮುಂದೂಡಿದವರೇ ಹೆಚ್ಚು. ನಮಗೆ ಆ ಅನುಕೂಲ ಇರಲಿಲ್ಲ. ನಮ್ಮ ಮಾವನವರು ಹುಟ್ಟಿದ್ದು 1960ರ ಶಾರ್ವರಿ ಸಂವತ್ಸರದ ಜ್ಯೇಷ್ಠ ಮಾಸದಲ್ಲಿ. ಅರವತ್ತು ವರ್ಷ ಸುತ್ತಿ ಅದೇ ಶಾರ್ವರಿ ಮರಳಿ ಬಂದದ್ದು 2020ರ ಮಾರ್ಚ್ 25ರ ಯುಗಾದಿಯಂದು, ಅಂದರೆ ದೇಶಕ್ಕೆ ಬೀಗ ಬಿದ್ದ ದಿನವೇ. ಜನ್ಮಮಾಸ, ಜನ್ಮನಕ್ಷತ್ರ ನೋಡಿ ಮಾಡುವ ಶಾಂತಿಯನ್ನು ಹುಟ್ಟುಹಬ್ಬದ ಹಾಗೆ ಡಿಸೆಂಬರಿಗೆ ತಳ್ಳಲು ಅತ್ತೆಯವರು ಸುತರಾಂ ಒಪ್ಪಲಿಲ್ಲ. ಮೇ ಕೊನೆಯ ವಾರದಲ್ಲಿಯೇ ಆಗಬೇಕೆಂದು ತೀರ್ಮಾನವಾಯಿತು.

ಕಲಶ, ನಾಂದಿ, ಹೋಮಗಳ ವಿವರವನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಒಂದಾದರೂ ಕಾರ್ಯ ಮಾಡಿಸಿದವರಿಗೆ ಅದೆಲ್ಲ ಗೊತ್ತಿರುವುದೇ. ಪುರೋಹಿತರು ಅದೇ ಬೀದಿಯವರಾದ್ದರಿಂದ ಆ ಚಿಂತೆಯೂ ಇರಲಿಲ್ಲ. ಚಿಂತೆ ಇದ್ದದ್ದು ಪಂಕ್ತಿಯದು. ಮುನ್ನೂರು ಜನಕ್ಕೆಂದು ಹಿಡಿದಿದ್ದ ಛತ್ರ ಕೈತಪ್ಪಿತ್ತು. ನಂಜನಗೂಡಿನ ಸೋಂಕಿನ ಸರಣಿಯಿಂದಾಗಿ ಮೈಸೂರು ಏಪ್ರಿಲ್ ಪೂರ್ತಿ ಕೆಂಪು ವಲಯವಾಗಿತ್ತು, ಪಕ್ಕದ ಬಡಾವಣೆಯ ನಂಟರು ಕೂಡ ಬರುವಂತಿರಲಿಲ್ಲ. ಬಂಧುಗಳು ಉಣ್ಣದ ಷಷ್ಟ್ಯಬ್ದಿ ಎಂಥದು ಎಂಬುದೇ ಮಾವನವರ ಕೊರಗಾಗಿತ್ತು.

ಮೊದಲ ಪ್ರಯೋಗ ನಡೆದದ್ದು ಏಪ್ರಿಲ್ 26ರ ಅಕ್ಷಯ ತೃತೀಯದಂದು, ನಮ್ಮ ಮಗಳ ಹುಟ್ಟುಹಬ್ಬದ ನೆಪದಲ್ಲಿ. ಮನೆಯಲ್ಲಿಯೇ ಒಬ್ಬಟ್ಟು, ಚಿತ್ರಾನ್ನ ಮಾಡಿ ಹತ್ತು ಹನ್ನೆರಡು ಮನೆಗಳಿಗೆ ಕಟ್ಟಿ ಕಳಿಸಿದೆವು. ಸ್ಕೂಟರಿನಲ್ಲಿ ಹೊರಟ ನಮ್ಮ ಯಜಮಾನರನ್ನು ಎರಡು ಕಡೆ ನಾಕಾದಲ್ಲಿ ನಿಲ್ಲಿಸಿ, ಮೂರನೆಯ ಕಡೆ ಹಿಂದಕ್ಕೆ ಕಳಿಸಿದರು. ತಲುಪಿದ ಪೊಟ್ಟಣಗಳನ್ನಾದರೂ ತಿಂದರೇ ಎಂದರೆ ಅದೂ ಇಲ್ಲ. ವೈರಾಣು ಸಾಯಲೆಂದು ಗೇಟಿನ ಕಂಬದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಮೂರು ತಾಸು ಇಟ್ಟು, ಚಿತ್ರಾನ್ನ ಹಳಸಿದ ಮೇಲೆ ಹಸುವಿಗೆ ಹಾಕಿದವರಿದ್ದರು. ಅವರನ್ನು ದೂರುವ ಹಾಗಿಲ್ಲ, ಆಗ ಎಲ್ಲರ ಭಯವೂ ಅಷ್ಟೇ ಇತ್ತು. ನಷ್ಟ ಎರಡು ಸಾವಿರದ ಆಸುಪಾಸು.

ಫೋನಿನ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ವಾಟ್ಸಾಪ್ ವಿಡಿಯೋ ಕರೆಯಲ್ಲಿ ನಾಲ್ವರಿಗಷ್ಟೇ ಜಾಗವಿದ್ದ ದಿನಗಳವು. ಅದು ಎಂಟಾದದ್ದು ಆ ತಿಂಗಳ ಕೊನೆಗೆ. ನಾಲ್ಕರಲ್ಲಿ ಒಂದು ನಮ್ಮದು, ಉಳಿದ ಮೂರಕ್ಕೆ ಯಾರನ್ನು ಸೇರಿಸುವುದು? ಧಾರವಾಡದ ನಾದಿನಿ ಒಂದು ವಾರ ಮಾತು ಬಿಟ್ಟಳು. ಆಮೇಲೆ ಝೂಮ್ ಹಿಡಿದೆವು. ಅದರಲ್ಲಿ ಪುಕ್ಕಟೆ ಕರೆ ನಲವತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಮೂವತ್ತು ಜನ ಒಟ್ಟಿಗೆ ಮಾತಾಡುವಾಗ ಒಂದು ಮನೆಯ ಕುಕ್ಕರಿನ ಕೂಗು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ನಮ್ಮ ದೊಡ್ಡಮಾವನವರು ಅದನ್ನು ಕಂಡು, "ಇದರಲ್ಲಿ ಷಷ್ಟ್ಯಬ್ದಿ ಮಾಡ್ತೀಯೇನಮ್ಮಾ? ಫೋನು ನೋಡಿ ಉಂಡರೆ ಹೊಟ್ಟೆ ತುಂಬುತ್ತದೆಯೇ?" ಎಂದರು. ಆ ಮಾತು ನನ್ನನ್ನು ಚುಚ್ಚಿದ್ದು ನಿಜ.

ದಾರಿ ಹೊಳೆದದ್ದು ಸ್ವಯಂಪಾಕದಿಂದ. ಉಣ್ಣಲು ಬಾರದವರಿಗೆ ಅಕ್ಕಿ, ಬೇಳೆ, ಬೆಲ್ಲ, ತರಕಾರಿ ಕೊಟ್ಟು ಕಳಿಸುವುದು ನಮ್ಮಲ್ಲಿ ಹಿಂದಿನಿಂದಲೂ ಇದೆಯಲ್ಲ. ಬೇಯಿಸಿದ ಅಡುಗೆ ಬೀದಿ ದಾಟದಿದ್ದರೂ ದಿನಸಿಗೆ ಎಲ್ಲ ಊರಿನಲ್ಲಿಯೂ ಅನುಮತಿ ಇತ್ತು. ಹಾಗಾಗಿ ಇಲ್ಲಿಂದ ಏನನ್ನೂ ಸಾಗಿಸದೆ, ಹಾಸನ, ಧಾರವಾಡ, ಉಡುಪಿ, ಬೆಂಗಳೂರು ಹೀಗೆ ಆಯಾ ನಂಟರ ಬೀದಿಯ ದಿನಸಿ ಅಂಗಡಿಯವರಿಗೆ ಫೋನು ಮಾಡಿ, ಪಟ್ಟಿ ಬರೆಸಿ, ಫೋನ್‌ಪೇನಲ್ಲಿ ಹಣ ಹಾಕಿದೆ. ಚೀಲ ಅಂಗಡಿಯಿಂದ ನೇರವಾಗಿ ಅವರ ಬಾಗಿಲಿಗೆ ಹೋಗುತ್ತಿತ್ತು. ಗುರುತಿಲ್ಲದ ಅಂಗಡಿಯವರು ಫೋನಿನ ಮಾತು ನಂಬಿ ಮನೆ ಬಾಗಿಲಿಗೆ ತಲುಪಿಸುವಂತೆ ಒಪ್ಪಿಸಿದ್ದು ಹೇಗೆಂದು ಹಲವರು ಕೇಳಿದ್ದಾರೆ. ಅದೊಂದು ನನ್ನ ಹತ್ತಿರವೇ ಇರಲಿ.

ಚೀಲದಲ್ಲಿ ಒಂದು ಕೆ.ಜಿ. ಸೋನಾಮಸೂರಿ, ಅರ್ಧ ಕೆ.ಜಿ. ತೊಗರಿಬೇಳೆ, ಅಷ್ಟೇ ಬೆಲ್ಲ, ಅರ್ಧ ಕೆ.ಜಿ. ಮೈದಾ, ಕೋಸಂಬರಿಗೆ ಕಾಲು ಕೆ.ಜಿ. ಹೆಸರುಬೇಳೆ, ಸ್ವಲ್ಪ ಎಣ್ಣೆ, ಅಡಿಕೆ, ಅರಿಶಿನ ಕುಂಕುಮ ಇದ್ದವು. ಏಲಕ್ಕಿಯ ಬೆಲೆ ಆ ವರ್ಷ ಕೇಳುವ ಹಾಗಿರಲಿಲ್ಲ, ಆದರೂ ಹತ್ತು ಕಾಳು ಹಾಕಿಸಿದೆ. ಅದಿಲ್ಲದಿದ್ದರೆ ಹೂರಣ ಮಾಡುವವರು ಅದಕ್ಕಾಗಿಯೇ ಪೇಟೆಗೆ ಹೊರಡುತ್ತಾರೆ. ಧಾರವಾಡದ ಚೀಲಗಳಿಗೆ ಮಾತ್ರ ತೊಗರಿಯ ಬದಲು ಕಡಲೆಬೇಳೆ. ಅಲ್ಲಿಯವರಿಗೆ ತೊಗರಿಬೇಳೆಯ ಹೋಳಿಗೆ ಒಗ್ಗುವುದಿಲ್ಲ, ನಮಗೆ ಕಡಲೆಬೇಳೆಯದು ಒಗ್ಗುವುದಿಲ್ಲ. ಒಂದೇ ಊಟವಾಗಬೇಕೆಂದು ಹಟ ಹಿಡಿದಿದ್ದರೆ ಅಲ್ಲಿಯೇ ಪಂಕ್ತಿ ಒಡೆಯುತ್ತಿತ್ತು. ಒಂದು ಚೀಲಕ್ಕೆ ಊರಿನ ಮೇಲೆ 250ರಿಂದ 300 ರೂಪಾಯಿ ಬಿತ್ತು. ನಲವತ್ತು ಚಿಲ್ಲರೆ ಮನೆಗಳಿಗೆ ಹನ್ನೊಂದು ಹನ್ನೆರಡು ಸಾವಿರ ಆಗಿರಬೇಕು. ಹೂರಣ ಎಷ್ಟು ಗಟ್ಟಿಯಿರಬೇಕೆಂದು ಹೊಸಬರಿಗೆ ತೋರಿಸುವ ಚಿಕ್ಕ ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ್ದೆ. ಒಬ್ಬಟ್ಟು ಎರಡನೆಯ ದಿನವೂ ಒರಟಾಗದಂತೆ ಅತ್ತೆಯವರು ಕಣಕಕ್ಕೆ ಮಾಡುವ ಒಂದು ಕೈಚಳಕವನ್ನು ಮಾತ್ರ ಅದರಲ್ಲಿ ತೋರಿಸಲಿಲ್ಲ. ಅವರ ಅಪ್ಪಣೆ ಸಿಕ್ಕಿಲ್ಲ.

ತಾಂಬೂಲಕ್ಕೆ ತಂದಿಟ್ಟಿದ್ದ ರವಿಕೆ ಕಣಗಳು ಉಳಿದಿದ್ದವು. ಅವುಗಳಲ್ಲಿ ಮಾಸ್ಕ್ ಹೊಲಿಯಬಹುದೇ ಎಂದು ನೋಡಿದೆ. ಹತ್ತಿಯ ಕಣ ಒಂದರಲ್ಲಿ ಎರಡು ಪದರದ ಎಂಟು ಹತ್ತು ಮಾಸ್ಕ್ ಆಗುತ್ತವೆ. ಮಿನುಗುವ ಪಾಲಿಯೆಸ್ಟರ್ ಕಣಗಳದ್ದು ನೋಡಲು ಚೆಂದ, ಕಟ್ಟಿಕೊಂಡರೆ ಉಸಿರಾಡಲಾಗದು. ಹತ್ತಿಯವನ್ನು ಮೈಸೂರಿನ ಮನೆಗಳಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಟೆವು. ಉಳಿದವು ಈಗಲೂ ಕಪಾಟಿನಲ್ಲಿವೆ.

ವೇಳೆಯದು ಇನ್ನೊಂದು ಗಂಟು. ಮೈದುನ ನ್ಯೂಜೆರ್ಸಿಯಲ್ಲಿ, ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಹನ್ನೊಂದರ ಮುಹೂರ್ತಕ್ಕೆ ಕರೆದರೆ ಅವರಿಗೆ ನಡುರಾತ್ರಿ ದಾಟಿರುತ್ತದೆ. ಇಡೀ ಕಾರ್ಯವನ್ನು ಎಲ್ಲರಿಗೂ ತೋರಿಸುವ ಆಸೆಯನ್ನು ಬಿಟ್ಟದ್ದೇ ಇದಕ್ಕೆ ಪರಿಹಾರವಾಯಿತು. ಬೆಳಿಗ್ಗೆ ಏಳಕ್ಕೆ ಆರತಿ ಮತ್ತು ಆಶೀರ್ವಾದವನ್ನು ಅಮೆರಿಕದವರಿಗಾಗಿ ಇಟ್ಟೆವು, ಅವರಿಗೆ ಆಗ ಹಿಂದಿನ ರಾತ್ರಿ ಒಂಬತ್ತೂವರೆ. ಹೋಮದ ಹೊತ್ತಿನಲ್ಲಿ ಕ್ಯಾಮೆರಾ ಇಡಲೇ ಇಲ್ಲ. ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಪುರೋಹಿತರಿಗೂ ಅದು ಕಿರಿಕಿರಿ. ಮಾವನವರು ಅತ್ತೆಗೆ ಮತ್ತೆ ತಾಳಿ ಕಟ್ಟುವಾಗ ಹತ್ತು ನಿಮಿಷ, ಆಮೇಲೆ ಒಂದು ಗಂಟೆಗೆ ಊಟದ ಪಂಕ್ತಿ. ಝೂಮ್‌ಗೆ ಒಂದು ತಿಂಗಳ ಹಣ ಕಟ್ಟಿದೆವು, ತೆರಿಗೆ ಸೇರಿ 1,300 ರೂಪಾಯಿಯ ಹತ್ತಿರ. ಗಟ್ಟಿಮೇಳದ ಧ್ವನಿಮುದ್ರಿಕೆ ಹಾಕಿದಾಗ ನಾಗಸ್ವರವನ್ನು ಅದು ಗದ್ದಲವೆಂದು ತಿಳಿದು ನುಂಗಿಬಿಡುತ್ತಿತ್ತು. ಕಂಪ್ಯೂಟರಿನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆಯನ್ನು ಒತ್ತಿದ ಮೇಲೆ ಸರಿಯಾಯಿತು. ಮಳೆ ಗಾಳಿಗೆ ಕರೆಂಟು ಹೋಗುವ ದಿನಗಳಾದ್ದರಿಂದ ರೌಟರಿಗೆ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಕೂಡಿಸಿದ್ದೆವು, ಆ ದಿನ ಅದೂ ಕೆಲಸಕ್ಕೆ ಬಂತು.

ಪಂಕ್ತಿಗೆ ನಾನು ಮಾಡಿದ ಕಟ್ಟಳೆ ಒಂದೇ. ಯಾರೂ ಮೊದಲೇ ಬಡಿಸಿಕೊಂಡು ಕೂರಬಾರದು. ಅತ್ತೆಯವರು ಇಲ್ಲಿಂದ "ಉಪ್ಪು, ಕೋಸಂಬರಿ" ಎನ್ನುತ್ತಲೇ ಎಲ್ಲ ಮನೆಗಳಲ್ಲಿಯೂ ಎಲೆಯ ತುದಿಗೆ ಉಪ್ಪು, ಕೋಸಂಬರಿ ಬೀಳಬೇಕು. "ಚಿತ್ರಾನ್ನ" ಎಂದ ಮೇಲೆಯೇ ಚಿತ್ರಾನ್ನ. ಅತ್ತಿಗೆಯ ಮಗ ಎಲ್ಲರ ಧ್ವನಿಯನ್ನೂ ಮುಚ್ಚಿಟ್ಟು, ಅತ್ತೆಯವರು ಹೆಸರು ಹಿಡಿದು ಕರೆದವರದನ್ನು ಮಾತ್ರ ತೆರೆಯುತ್ತಿದ್ದ. "ಧಾರವಾಡಕ್ಕೆ ಸಾರು ಬಂತೇ? ಹಾಸನದವರೇ, ತುಪ್ಪ ಹಾಕಿಕೊಳ್ಳಿ, ನಾಚಿಕೆ ಬೇಡ" ಎಂದು ಅವರು ಟಿ.ವಿ. ಪರದೆಯ ಮುಂದೆ ಸೌಟು ಹಿಡಿದು ಓಡಾಡಿದ್ದನ್ನು ನೋಡಬೇಕಿತ್ತು. ಮಾವನವರು ಎಲೆ ಬಿಟ್ಟು ಪರದೆಯನ್ನೇ ನೋಡುತ್ತಿದ್ದರು. ಉಡುಪಿಯ ಚಿಕ್ಕತ್ತೆ ಅಕ್ಷತೆಯನ್ನು ತಮ್ಮ ಮೊಬೈಲಿನ ಮೇಲೆಯೇ ಎರಚಿ, ಚಾರ್ಜಿನ ತೂತಿನಲ್ಲಿ ಅಕ್ಕಿಕಾಳು ಸಿಕ್ಕಿಕೊಂಡು ಸಂಜೆಯವರೆಗೆ ಪಿನ್ನಿನಿಂದ ಕೆದಕಿದರಂತೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಛತ್ರದಲ್ಲಿ ಮಾಡಿದ್ದರೆ ಎರಡೂವರೆ ಲಕ್ಷದ ಅಂದಾಜಿತ್ತು. ಪುರೋಹಿತರ ದಕ್ಷಿಣೆ, ಹೋಮದ ಸಾಮಾನು, ಸೀರೆ ಪಂಚೆ ಎಲ್ಲ ಸೇರಿ ನಲವತ್ತು ಸಾವಿರದೊಳಗೆ ಮುಗಿಯಿತು. ಕೊಳ್ಳುವವರಿಲ್ಲದ ಕಾಲವಾದ್ದರಿಂದ ಹೂವಿಗೆ ಹೆಚ್ಚೇನೂ ಆಗಲಿಲ್ಲ. ಸೇವಂತಿಗೆ ಕೊಟ್ಟ ರೈತ ಹೇಳಿದ ಬೆಲೆ ಕೇಳಲಾರದೆ ನಾವೇ ಎರಡರಷ್ಟು ಕೊಟ್ಟೆವು. ಛತ್ರದ ಮುಂಗಡ ಇಪ್ಪತ್ತು ಸಾವಿರದಲ್ಲಿ ಅರ್ಧ ಬಂತು, ಉಳಿದರ್ಧಕ್ಕೆ ಮುಂದಿನ ಕಾರ್ಯದಲ್ಲಿ ವಜಾ ಮಾಡುತ್ತೇವೆ ಎಂದರು. ಅಡುಗೆಯವರಿಗೆ ಕೊಟ್ಟ ಮುಂಗಡವನ್ನು ನಾವು ವಾಪಸು ಕೇಳಲಿಲ್ಲ. ಮದುವೆಯ ಹಂಗಾಮು ಪೂರ್ತಿ ಕೈಬಿಟ್ಟುಹೋದ ಅವರಿಂದ ಕೇಳುವುದಾದರೂ ಹೇಗೆ.

2021ರ ಮೇ ತಿಂಗಳಿನಲ್ಲಿ ಮತ್ತೆ ಬಾಗಿಲು ಮುಚ್ಚಿದಾಗ ದೊಡ್ಡಮಾವನವರ ಮದುವೆಗೆ ಐವತ್ತು ವರ್ಷ ತುಂಬುವುದರಲ್ಲಿತ್ತು. ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ್ದವರು ಅವರೇ ಫೋನು ಮಾಡಿ, "ಆ ಚೀಲದ ಪಟ್ಟಿ ಇದೆಯೇನಮ್ಮಾ?" ಎಂದರು. ಆ ಸಲ ಅಂಗಡಿ ತೆರೆಯುತ್ತಿದ್ದದ್ದು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಆದ್ದರಿಂದ ಪಟ್ಟಿಯನ್ನು ಎರಡು ದಿನ ಮೊದಲೇ ಬರೆಸಿ, ಹಿಂದಿನ ಬೆಳಿಗ್ಗೆಯೇ ಚೀಲ ತಲುಪುವಂತೆ ಮಾಡಿದೆ. ಎರಡು ಮೂರು ಮನೆಗಳಲ್ಲಿ ಸೋಂಕಿತರು ಮಲಗಿದ್ದರು. ಅಲ್ಲಿಗೆ ಒಬ್ಬಟ್ಟಿನ ಸಾಮಾನಿನ ಬದಲು ಗಂಜಿಗೆ ಅಕ್ಕಿ, ಹೆಸರುಬೇಳೆ, ಶುಂಠಿ, ಮೆಣಸು ಹೋಯಿತು. ಅವರ ಪರದೆಗಳನ್ನು ಕಪ್ಪಾಗಿಯೇ ಇಟ್ಟು ಹೆಸರನ್ನು ಮಾತ್ರ ಕರೆದೆವು. ಈಗ ಆ ಪಟ್ಟಿ ದೊಡ್ಡಮಾವನವರ ಕೈಬರಹದಲ್ಲಿ ಬೇರೆ ಬೇರೆ ಮನೆಗಳಿಗೆ ಹೋಗುತ್ತಿದೆ, ತೊಗರಿಬೇಳೆಯ ಮುಂದೆ "ಧಾರವಾಡಕ್ಕೆ ಕಡಲೆ" ಎಂಬ ಟಿಪ್ಪಣಿಯ ಸಮೇತ.