ಇನ್ನೂರ ನಲವತ್ತು ನಂಬರ್‌ಗಳಿಂದ ಇಪ್ಪತ್ತೆರಡಕ್ಕೆ: ನನ್ನ ಅನುಭವ

ಹೋದ ತಿಂಗಳು ನಮ್ಮ ಕ್ಯಾನ್ಸರ್ ಹೆಲ್ಪ್ ಡೆಸ್ಕಿನ ಹಿರಿಯರೊಬ್ಬರು ಬಂದು, "ನಿಮ್ಮ ಆ ಸಹಾಯ ಸಂಸ್ಥೆಗಳ ಫೋನ್ ನಂಬರಿನ ಪಟ್ಟಿ ಇದೆಯಲ್ಲ, ನನಗೂ ಒಂದು ಕಾಪಿ ಕೊಡಿ" ಎಂದರು. ನಾಲ್ಕು ವರ್ಷದ ಹಿಂದೆ ಇದೇ ಮನುಷ್ಯ ಎಲ್ಲರ ಎದುರಿಗೆ, "ಕಷ್ಟದಲ್ಲಿ ಬಂದವರ ಕೈಗೆ ಮೂರೇ ಮೂರು ನಂಬರ್ ಬರೆದು ಕೊಡ್ತೀರಲ್ಲ, ಇದೇನು ಜಿಪುಣತನ" ಎಂದಿದ್ದರು. ಕಾಪಿ ಕೊಟ್ಟೆ. ಸ್ವಲ್ಪ ನಿಧಾನವಾಗಿ ಕೊಟ್ಟೆ, ಅಷ್ಟೆ.

ಕ್ಯಾನ್ಸರ್ ರೋಗಿಗಳ ಮನೆಯವರಿಗೆ ಮಾಹಿತಿ, ಸಹಾಯ ಹುಡುಕಿಕೊಡುವ ಕೆಲಸದಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಟೇಜ್ ಬೇರೆ, ಗ್ರೇಡ್ ಬೇರೆ ಎನ್ನುವಂಥದ್ದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನಿಮಗೆ ಗೊತ್ತು.

ಮೊದಲು ಕೈ ಸುಟ್ಟುಕೊಂಡ ಕಥೆ. ಎಂಟೊಂಬತ್ತು ವರ್ಷದ ಹಿಂದೆ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಯಿತು. ಬಯಾಪ್ಸಿ ರಿಪೋರ್ಟಿನ ಎರಡನೇ ಪುಟದ ಕೆಳಗೆ 'ಹರ್2: 2+' ಅಂತಿತ್ತು. ಹರ್2 ಅಂದರೆ ಕ್ಯಾನ್ಸರ್ ಬೆಳೆಯಲು ನೆರವಾಗುವ ಒಂದು ಪ್ರೋಟೀನ್. ಪ್ಲಸ್ ಅಂದಮೇಲೆ ಪಾಸಿಟಿವ್ ಅಲ್ವಾ? ಭಾವ ಕೆಂಪು ಪೆನ್ನಿನಲ್ಲಿ ಅದಕ್ಕೊಂದು ಸುತ್ತು ಹಾಕಿದರು. ಆ ಸುತ್ತು ನಮ್ಮ ಮೂರು ವಾರ ನುಂಗಿತು. ಹರ್2 ಪಾಸಿಟಿವ್‌ಗೆ ಟ್ರಾಸ್ಟುಜುಮಾಬ್ ಅನ್ನುವ ಔಷಧ ಬೇಕು, ಅದು ದುಬಾರಿ ಅಂತ ಯಾರೋ ಹೇಳಿದರು. ಸರಿ, ಟ್ರಸ್ಟುಗಳು, ಫೌಂಡೇಷನ್‌ಗಳು, ಔಷಧ ಕಂಪನಿಯ ರಿಯಾಯಿತಿ ಯೋಜನೆ, ಹೀಗೆ ಹನ್ನೊಂದು ಕಡೆ ಅರ್ಜಿ ಹಾಕಿದೆ. ಓಡಾಟ, ಕೊರಿಯರ್, ಆದಾಯದ ಕಾಗದಪತ್ರ ಎಲ್ಲ ಸೇರಿ ನನ್ನ ಎರಡು ತಿಂಗಳ ಸಂಬಳ ಹೋಯಿತು. ಭಾವ ಸಾಲದ ಕಾಗದವನ್ನೂ ಮಾಡಿಸಿಯಾಗಿತ್ತು.

ಹತ್ತನೇ ಕಡೆಯೋ ಹನ್ನೊಂದನೇ ಕಡೆಯೋ, ಕೌಂಟರಿನಲ್ಲಿದ್ದ ಹುಡುಗಿ ಫೈಲು ತಿರುವಿ, "ಫಿಶ್ ರಿಪೋರ್ಟ್ ಎಲ್ಲಿ ಸಾರ್?" ಎಂದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಐಎಚ್‌ಸಿ ಅನ್ನುವ, ಬಯಾಪ್ಸಿ ತುಂಡಿನಲ್ಲಿ ಈ ಪ್ರೋಟೀನ್ ಎಷ್ಟಿದೆ ಅಂತ ನೋಡುವ ಟೆಸ್ಟಿನಲ್ಲಿ 0, 1+ ಬಂದರೆ ನೆಗೆಟಿವ್, 3+ ಬಂದರೆ ಪಾಸಿಟಿವ್. 2+ ಅಂದರೆ ಎರಡೂ ಅಲ್ಲ, ಹರ್2 ಜೀನ್ ಎಷ್ಟಿದೆ ಅಂತ ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಮಾಡಿ ನೋಡಬೇಕು. ಮಾಡಿಸಿದೆವು. ನೆಗೆಟಿವ್ ಬಂತು. ಅಕ್ಕನಿಗೆ ಆ ಔಷಧವೇ ಬೇಕಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಅಕ್ಕ ಚೆನ್ನಾಗಿದ್ದಾಳೆ. ಈಗಲೂ ನನ್ನನ್ನು 'ಟೂ ಪ್ಲಸ್' ಎಂದೇ ಕರೆಯುತ್ತಾಳೆ.

(ಅಂದ ಹಾಗೆ ಈ ಲೆಕ್ಕವೂ ಹಳೆಯದಾಗಿದೆ. 2022ರಿಂದ, ಬೇರೆ ಕಡೆ ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ 'ಹರ್2-ಲೋ' ಅಂತ ಹೊಸ ಗುಂಪು ಬಂದಿದೆ. 1+ ಇದ್ದವರು, 2+ ಇದ್ದು ಫಿಶ್ ನೆಗೆಟಿವ್ ಆದವರು ಅದರಲ್ಲಿ ಬರುತ್ತಾರೆ. ಅವರಿಗೂ ಒಂದು ಔಷಧ ಇದೆ. 2022ಕ್ಕಿಂತ ಹಿಂದಿನ ಕರಪತ್ರ ಹಂಚುವವರು ಇದನ್ನು ನೆನಪಿಡಿ.)

ಅಲ್ಲಿಂದ ನನ್ನ ಮೊದಲ ನಿಯಮ: ರಿಪೋರ್ಟು ನೋಡದೆ ಒಂದು ನಂಬರ್ ಕೂಡ ಕೊಡುವುದಿಲ್ಲ. 'ಸ್ತನ ಕ್ಯಾನ್ಸರ್', 'ರಕ್ತದ ಕ್ಯಾನ್ಸರ್' ಅಂತ ಹುಡುಕಿದರೆ ಸಿಗುವುದೆಲ್ಲ ಎಲ್ಲರಿಗೂ ಹೊಂದುತ್ತದೆ, ಯಾರಿಗೂ ಹೊಂದುವುದಿಲ್ಲ. ರಿಪೋರ್ಟಿನಲ್ಲಿರುವ ಪದವನ್ನೇ ಅಕ್ಷರ ಬಿಡದೆ ಬರೆದುಕೊಂಡು ಹುಡುಕಬೇಕು. ರಿಪೋರ್ಟು ಪೂರ್ತಿ ಬಂದಿಲ್ಲವಾದರೆ ನಾನು ಕೊಡುವುದು ಒಂದೇ ಸಾಲು: 'ಇನ್ನು ಯಾವ ಟೆಸ್ಟ್ ಬರಬೇಕಿದೆ ಅಂತ ಡಾಕ್ಟರನ್ನು ಕೇಳಿ.'

ಆಮೇಲೆ ಎರಡನೇ ತಪ್ಪು. ಅಕ್ಕನ ಓಡಾಟದಲ್ಲಿ ಕೂಡಿಟ್ಟ ನಂಬರ್‌ಗಳಿದ್ದವಲ್ಲ, ಅದಕ್ಕೆ ಇನ್ನಷ್ಟು ಸೇರಿಸುತ್ತಾ ಹೋದೆ. ಇನ್ನೂರ ನಲವತ್ತಾಯಿತು. ಒಂದು ತಿಂಗಳ ಸಂಬಳ ಹಾಕಿ ಐನೂರು ಪುಸ್ತಿಕೆ ಅಚ್ಚು ಹಾಕಿಸಿದೆ. ಹೊಳೆಯುವ ಕವರ್ ಬೇರೆ. ಹಂಚುವಾಗ ನನ್ನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ ಅನ್ನಿಸುತ್ತಿತ್ತು.

ಆರು ತಿಂಗಳಿಗೆ ಒಬ್ಬ ಹೆಂಗಸು ಪುಸ್ತಿಕೆ ವಾಪಸ್ ತಂದರು. ಗಂಡನಿಗೆ ಅನ್ನನಾಳದ ಕ್ಯಾನ್ಸರ್. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಒಂದೊಂದೇ ನಂಬರಿಗೆ ಫೋನ್ ಮಾಡಿದ್ದರು. ಪ್ರತಿ ನಂಬರಿನ ಪಕ್ಕ ಪೆನ್ಸಿಲ್‌ನಲ್ಲಿ ಗುರುತು: ಎತ್ತಲಿಲ್ಲ, ಎತ್ತಲಿಲ್ಲ, ರಾಂಗ್ ನಂಬರ್, ಮಕ್ಕಳಿಗೆ ಮಾತ್ರ, ಎತ್ತಲಿಲ್ಲ, ಈಗ ನಿಲ್ಲಿಸಿದ್ದಾರೆ. ಹದಿನೇಳು ಸಾಲು. ಹದಿನೆಂಟನೆಯದರ ಪಕ್ಕ ಏನೂ ಇರಲಿಲ್ಲ, ಪೆನ್ಸಿಲ್ ಒತ್ತಿ ಕಾಗದ ಹರಿದಿತ್ತು. "ನಿಮ್ಮದೇ ಇದು, ಇಟ್ಕೊಳ್ಳಿ" ಎಂದು ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಸಂಜೆಯಿಂದ ನಾನೇ ಫೋನ್ ಮಾಡಲು ಕುಳಿತೆ. ಮೊದಲ ನೂರರಲ್ಲಿ ಮೂವತ್ತೈದರಷ್ಟು ಎತ್ತಲೇ ಇಲ್ಲ. ಇಪ್ಪತ್ತರ ಆಸುಪಾಸು ನಂಬರ್ ಬದಲಾಗಿತ್ತು. ಒಂದು ನಂಬರ್ ಯಾವುದೋ ಟೈಲರ್ ಅಂಗಡಿಯದು. ಪಾಪ, ಆ ಮನುಷ್ಯ ತಿಂಗಳುಗಳಿಂದ ರೋಗಿಗಳ ಕಡೆಯವರನ್ನು ಸಮಾಧಾನ ಮಾಡಿ ಫೋನ್ ಇಡುತ್ತಿದ್ದನಂತೆ. ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಕೌನ್ಸೆಲರ್ ಅವನೇ ಇದ್ದಿರಬೇಕು.

ಈಗಿನ ಕ್ರಮ ಇದು. ಮೂರು ತಿಂಗಳಿಗೊಮ್ಮೆ ಒಂದೂವರೆ ದಿನ ಕೂತು ಎಲ್ಲ ನಂಬರಿಗೂ ನಾನೇ ಫೋನ್ ಮಾಡುತ್ತೇನೆ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಮಾಡಿದರೂ ಎತ್ತದಿದ್ದರೆ ಪಟ್ಟಿಯಿಂದ ಔಟ್, ಎಷ್ಟೇ ದೊಡ್ಡ ಹೆಸರಿರಲಿ. ಪಕ್ಕದಲ್ಲಿ ತಾರೀಖು ಬರೆಯುತ್ತೇನೆ. ಯಾವ ಕ್ಯಾನ್ಸರ್‌ಗೆ, ಯಾವ ವಯಸ್ಸಿಗೆ, ಯಾವ ಕಾಗದ, ಎಷ್ಟು ದಿನಕ್ಕೆ ಉತ್ತರ, ಇದೆಲ್ಲ ನೀವೂ ಕೇಳುತ್ತೀರಿ. ಆದರೆ ಒಂದನ್ನು ಎಲ್ಲರೂ ಮರೆಯುತ್ತಾರೆ. ಬಿಲ್ಲು ಕಟ್ಟುವ ಮೊದಲೇ ಅರ್ಜಿ ಹಾಕಬೇಕೋ, ಕಟ್ಟಿದ ಮೇಲೂ ಕೊಡುತ್ತಾರೋ? ಬಹಳ ಕಡೆ ಕಟ್ಟಿಯಾದ ಬಿಲ್ಲಿಗೆ ದುಡ್ಡು ಹುಟ್ಟುವುದಿಲ್ಲ. ಸಾಲ ಮಾಡಿ ಕಟ್ಟಿ, ರಸೀದಿ ಹಿಡಿದು ಬಂದವರನ್ನು ವಾಪಸ್ ಕಳಿಸುವುದಿದೆಯಲ್ಲ, ಅದರಷ್ಟು ಹಿಂಸೆ ಬೇರೆ ಇಲ್ಲ.

ಫೋನ್ ಎತ್ತಿದವರ ಹತ್ತಿರ ನಾನು ಮೊದಲು ಕೇಳುವ ಒಂದು ಪ್ರಶ್ನೆ ಇದೆ. ಅದಕ್ಕೆ ಅವರು ಹೇಗೆ ಉತ್ತರಿಸುತ್ತಾರೆ ಎಂಬುದರ ಮೇಲೆ ಆ ಸಂಸ್ಥೆ ಕೆಲಸ ಮಾಡುತ್ತದೋ ಬರೀ ಬೋರ್ಡೋ ಅಂತ ಗೊತ್ತಾಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ರೆಡಿ ಮಾಡಿ ಇಟ್ಟುಕೊಳ್ಳುತ್ತಾರೆ.

ಜರಡಿ ಹಿಡಿದ ಮೇಲೆ ಉಳಿದಿದ್ದು ಇಪ್ಪತ್ತೆರಡು. ಒಂದು ಮನೆಯವರಿಗೆ ಒಂದು ಸಲಕ್ಕೆ ಮೂರೇ ನಂಬರ್. ಒಂದು ಮಾಹಿತಿಗೆ, ಒಂದು ದುಡ್ಡಿಗೆ, ಒಂದು ಸುಮ್ನೆ ಮಾತಾಡುವುದಕ್ಕೆ. ಮೂರೂ ಮುಗಿದರೆ ಮತ್ತೆ ಬನ್ನಿ ಎನ್ನುತ್ತೇನೆ. ಹಿರಿಯರಿಗೆ ಜಿಪುಣತನ ಅನ್ನಿಸಿದ್ದು ಇದೇ. ಮೊದಲು ಹತ್ತು ಮನೆಯವರಲ್ಲಿ ಒಬ್ಬರೋ ಇಬ್ಬರೋ ಬಂದು 'ಕೆಲಸ ಆಯ್ತು' ಅನ್ನುತ್ತಿದ್ದರು. ಈಗ ಆರು ಏಳು ಮನೆಯವರು ಬರುತ್ತಾರೆ. ಲೆಕ್ಕ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ. ಆದರೆ ಹೆಚ್ಚುಕಡಿಮೆ ಸರಿ.

ಓದುವುದಕ್ಕೆ ಏನು ಕೊಡುವುದು? ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಕ್ಯಾನ್ಸರ್ ಮಾಹಿತಿ ಸಂಗ್ರಹ ಪಿಡಿಕ್ಯು ನೀವೂ ನೋಡಿರುತ್ತೀರಿ. ಅದರಲ್ಲಿ ರೋಗಿಗಳಿಗೆ ಒಂದು, ಡಾಕ್ಟರುಗಳಿಗೆ ಒಂದು, ಎರಡು ಆವೃತ್ತಿ ಇವೆ. ಮನೆಯವರಿಗೆ ಮೊದಲನೆಯದು. ಎರಡನೆಯದನ್ನು ಹಿಂದಿನ ರಾತ್ರಿ ನಾನು ಓದಿಕೊಂಡು ಹೋಗುತ್ತೇನೆ. ಎನ್‌ಸಿಸಿಎನ್ (ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟ) ರೋಗಿಗಳಿಗಾಗಿ ತರುವ ಗೈಡುಗಳು ಉಚಿತ, ಚೆನ್ನಾಗಿವೆ, ಆದರೆ ದಪ್ಪ. ಕೀಮೋ ಶುರುವಾಗುವ ಹಿಂದಿನ ದಿನ ಅಷ್ಟು ಪುಟ ಯಾರು ಓದುತ್ತಾರೆ? ಅದರಲ್ಲಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳ ಪುಟ ಇರುತ್ತದೆ. ಅದನ್ನಷ್ಟೇ ಪ್ರಿಂಟ್ ತೆಗೆದು, ಐದು ಪ್ರಶ್ನೆಗೆ ಗೆರೆ ಎಳೆದು ಕೊಡುತ್ತೇನೆ. ಪವಾಡದ ಮದ್ದಿನ ಫಾರ್ವರ್ಡ್ ಹಿಡಿದು ಬಂದವರ ಎದುರು ವಾದ ಮಾಡುವುದು ಬಿಟ್ಟಿದ್ದೇನೆ. ಕಾಕ್ರೇನ್‌ನವರ (ಚಿಕಿತ್ಸೆಗಳ ಮೇಲಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಸಂಸ್ಥೆ) ಸರಳ ಭಾಷೆಯ ಸಾರಾಂಶ ಸಿಕ್ಕರೆ ಅದನ್ನು ಜೊತೆಗೆ ಕೂತು ಓದುತ್ತೇನೆ.

ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ವಿಷಯದಲ್ಲಿ ನಾನು ಮಾಡಿದ ತಪ್ಪು ಇನ್ನೂ ಚುಚ್ಚುತ್ತದೆ. 2000ದಿಂದ ಇರುವ, ಹೊಸ ಚಿಕಿತ್ಸೆಗಳ ಪ್ರಯೋಗಗಳ ಅಮೆರಿಕದ ಸರ್ಕಾರಿ ಪಟ್ಟಿ, ಅದರಲ್ಲಿ ಹೆಸರಿದ್ದರೆ ಪರೀಕ್ಷೆ ಮಾಡಿಯೇ ಹಾಕಿರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಪಟ್ಟಿಯಲ್ಲಿ ಇದೆ ಅಂದ ಮಾತ್ರಕ್ಕೆ ಸರ್ಕಾರ ಒಪ್ಪಿದೆ ಅಂತಲ್ಲ, ರೋಗಿಯಿಂದಲೇ ದುಡ್ಡು ಕೀಳುವ 'ಟ್ರಯಲ್'ಗಳೂ ಅದರಲ್ಲಿ ನುಸುಳಿದ್ದವು. ನಾನು ತೋರಿಸಿದ ಒಂದಕ್ಕೆ ಒಬ್ಬ ಹುಡುಗ ಅಪ್ಪನನ್ನು ಸೇರಿಸಿ, ಇಡೀ ವರ್ಷದ ದುಡಿಮೆ ಕಳೆದುಕೊಂಡ. ಈಗ ಮೊದಲು ಕೇಳಿಸುವುದು ಒಂದೇ ಮಾತು: ಖರ್ಚು ಯಾರದು?

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅವರ ಕಥೆ ಓದಿದ್ದೆ. 1993ರಲ್ಲಿ, ಕ್ಯಾನ್ಸರ್ ಮರಳಿದೆ, ಎರಡು ಮೂರು ತಿಂಗಳಷ್ಟೇ ಎಂದು ಹೇಳಿ ಆಕೆಯನ್ನು ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಕೂರಿಸಿದ್ದರಂತೆ. ಆಕೆ ಮುಂದೆ ಎರಡು ವರ್ಷ ಬದುಕಿದರು. ಸಾಯುವ ಮೊದಲು ಯೋಚನೆ ಹಾಕಿಕೊಟ್ಟ, ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಕೇಂದ್ರ 1996ರಲ್ಲಿ ಎಡಿನ್‌ಬರೋದಲ್ಲಿ ಶುರುವಾಯಿತು. ಆ ಕೇಂದ್ರಗಳಲ್ಲಿ ರಿಸೆಪ್ಷನ್ ಕೌಂಟರ್ ಇರುವುದಿಲ್ಲ, ಮನೆಯ ಹಾಗೆ ಅಡುಗೆಮನೆಯ ಮೇಜು ಇರುತ್ತದೆ. ನಮ್ಮಲ್ಲಿ ಅಡುಗೆಮನೆ ಎಲ್ಲಿಂದ ತರುವುದು? ಕೌಂಟರನ್ನು ಗೋಡೆಗೆ ದೂಡಿ, ಬಂದವರ ಪಕ್ಕದಲ್ಲೇ ಕೂರತೊಡಗಿದೆ. ಇಬ್ಬರ ಕಣ್ಣೂ ಒಂದೇ ಕಾಗದದ ಮೇಲೆ. ಖರ್ಚು ಸೊನ್ನೆ. ಮಾತು ಎರಡು ಪಟ್ಟು ಬಂತು. ಕ್ಲೀನಿಂಗ್‌ನವರು ಮಾತ್ರ ದಿನಾ ಕೌಂಟರನ್ನು ಮೊದಲಿನ ಜಾಗಕ್ಕೇ ಎಳೆದಿಡುತ್ತಾರೆ.

ಇನ್ನೊಂದು, ಡಿಸ್ಟ್ರೆಸ್ ಥರ್ಮಾಮೀಟರ್. ಸೊನ್ನೆಯಿಂದ ಹತ್ತರವರೆಗೆ ಮನಸ್ಸಿನ ಸಂಕಟ ಎಷ್ಟಿದೆ ಅಂತ ಗುರುತು ಹಾಕುವುದು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನ ಕೊಡುವುದು. ಅದರಲ್ಲಿ ಹೊಸದೇನಿಲ್ಲ. ನಾನು ಮಾಡಿದ್ದು ಇಷ್ಟೆ, ಜೊತೆಗೆ ಬಂದವರ ಕೈಗೂ ಒಂದು ಕಾಗದ ಕೊಟ್ಟೆ. ಮುಕ್ಕಾಲು ಪಾಲು ಸಲ ಜೊತೆಗೆ ಬಂದವರ ಅಂಕವೇ ಜಾಸ್ತಿ. ಒಬ್ಬ ತಾಯಿ ಮಗಳ ಮುಂದೆ ಮೂರು ಅಂತ ಬರೆದು, ಮಗಳು ನೀರು ತರಲು ಹೋದಾಗ ಅದನ್ನು ಒಂಬತ್ತು ಮಾಡಿದರು. ಆಮೇಲಿಂದ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಬರೆಸುತ್ತೇನೆ.

ಕೆಟ್ಟ ಪ್ರಯೋಗವೂ ಇದೆ. ವಾಟ್ಸಾಪ್ ಗ್ರೂಪ್ ಮಾಡಿದೆ, ತೊಂಬತ್ತು ಜನ. ಮೂರು ವಾರಕ್ಕೆ ಗುಡ್ ಮಾರ್ನಿಂಗ್ ಹೂವು, ಐದು ವಾರಕ್ಕೆ ಜ್ಯೂಸ್ ಚಿಕಿತ್ಸೆ. ಒಬ್ಬರು ತೀರಿಕೊಂಡ ಸುದ್ದಿಯ ಕೆಳಗೇ ಹುಟ್ಟುಹಬ್ಬದ ಕೇಕ್ ಬಂದ ದಿನ ಮುಚ್ಚಿದೆ. ಎಐ ಚಾಟ್‌ಬಾಟನ್ನೂ ನೋಡಿದೆ. ರಿಪೋರ್ಟಿನ ಕಷ್ಟದ ಪದಗಳನ್ನು ಬಿಡಿಸಿ ಹೇಳುವುದರಲ್ಲಿ ನನಗಿಂತ ವಾಸಿ. ಸಹಾಯ ಸಂಸ್ಥೆಯ ನಂಬರ್ ಕೇಳಿದರೆ ಮಾತ್ರ ಇಲ್ಲದ ನಂಬರನ್ನು ಧೈರ್ಯವಾಗಿ ಕೊಟ್ಟಿತು. ಪದಕ್ಕೆ ಬಳಸಿ, ನಂಬರಿಗೆ ಬೇಡ.

ಇಪ್ಪತ್ತೆರಡರಲ್ಲಿ ನಾಲ್ಕು ನಂಬರ್, ರೋಗಿಯ ನೋವು ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್‌ನವರದ್ದು. ಇದಕ್ಕೂ ವಿರೋಧ ಬಂತು, "ಮೊದಲ ದಿನವೇ ಸಾವಿನ ಮಾತಾ?" ಅಂತ. ಜೆನಿಫರ್ ಟೆಮೆಲ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ ಅರ್ಧದಷ್ಟು ಜನಕ್ಕೆ ಶುರುವಿನಿಂದಲೇ ಈ ಆರೈಕೆ ಸಿಕ್ಕಿತ್ತು. ಅವರ ದಿನಗಳು ನೆಮ್ಮದಿಯಾಗಿದ್ದವು, ಬದುಕಿದ್ದೂ ಜಾಸ್ತಿ: ಸುಮಾರು 11.6 ತಿಂಗಳು, ಉಳಿದವರು 8.9. ಮನೆಯವರಿಗೆ ಈ ಅಂಕಿ ಹೇಳುವುದಿಲ್ಲ, ಹೇಳಬಾರದು. 'ನೋವು, ವಾಂತಿ, ನಿದ್ದೆ ನೋಡುವ ಡಾಕ್ಟರು' ಎಂದು ಬರೆದುಕೊಡುತ್ತೇನೆ. ಆ ನಂಬರಿಗೆ ಎಲ್ಲರೂ ಫೋನ್ ಮಾಡುತ್ತಾರೆ. ಅಂಕಿ ಇರುವುದು ನಮ್ಮ ಮೀಟಿಂಗಿನಲ್ಲಿ ವಿರೋಧ ಮಾಡುವವರಿಗೆ.

ಸಪೋರ್ಟ್ ಗ್ರೂಪಿಗೆ ಸೇರಿದರೆ ಆಯಸ್ಸು ಹೆಚ್ಚುತ್ತದೆ ಎಂದು ಹೇಳಿ ಕಳಿಸುವವರು ಇನ್ನೂ ಇದ್ದಾರೆ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಹಾಗೆ ತೋರಿಸಿದ್ದು ನಿಜ. 2001ರಲ್ಲಿ ಪಮೇಲಾ ಗುಡ್‌ವಿನ್ ತಂಡ ಹರಡಿದ ಸ್ತನ ಕ್ಯಾನ್ಸರ್ ಇದ್ದ 235 ಹೆಂಗಸರ ಮೇಲೆ ಮತ್ತೆ ನೋಡಿದಾಗ ಆಯಸ್ಸು ಹೆಚ್ಚಲಿಲ್ಲ. ಆದರೆ ಬಹಳ ಸಂಕಟದಲ್ಲಿದ್ದವರ ಮನಸ್ಸು ಹಗುರವಾಯಿತು, ನೋವು ಕಡಿಮೆ ಅನ್ನಿಸಿತು. ಅಷ್ಟು ಸಾಕಲ್ವಾ? ಸುಳ್ಳು ಆಸೆ ಯಾಕೆ?

ಈಗಿನ ಖರ್ಚು ಫೋನ್ ಬಿಲ್ಲು, ಚೀಟಿ ಕಾಗದ, ಒಂದು ಪೆನ್ನು. ಆ ಹೊಳೆಯುವ ಪುಸ್ತಿಕೆಗೆ ಹಾಕಿದ ದುಡ್ಡಿನಲ್ಲಿ ಇದನ್ನು ಹತ್ತು ವರ್ಷ ನಡೆಸಬಹುದಿತ್ತು. ಉಳಿದ ಪ್ರತಿಗಳ ಹಿಂದಿನ ಖಾಲಿ ಪುಟದಲ್ಲೇ ಈಗ ಚೀಟಿ ಬರೆಯುತ್ತೇನೆ, ಇನ್ನೂ ಇನ್ನೂರರಷ್ಟು ಇವೆ.

ಈ ಸುತ್ತಿನಲ್ಲಿ ಒಂದು ನಂಬರ್ ಎರಡು ಸಲ ಎತ್ತಿಲ್ಲ. ಹೆಸರು ದೊಡ್ಡದು, ಹಿರಿಯರಿಗೆ ಬೇಕಾದವರದ್ದು. ಗುರುವಾರ ಇನ್ನೊಂದು ಸಲ ಮಾಡುತ್ತೇನೆ. ಎತ್ತದಿದ್ದರೆ ಇಪ್ಪತ್ತೊಂದು.