ಇ-ರೀಡರೋ, ಟ್ಯಾಬ್ಲೆಟ್ಟೋ, ಪೆನ್ನಿನ ಕಂಪ್ಯೂಟರೋ: ಕೊಳ್ಳುವ ಮುನ್ನ ಕನ್ನಡದ ಪುಟವೊಂದನ್ನು ತೆರೆದು ನೋಡಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಾಗಲಿ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಸಂಶೋಧನೆ ಮಾಡುವವರಾಗಲಿ, ಈ ಮೂರರಲ್ಲಿ ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ, ನೀವು ಓದುವ ಕಡತಗಳು ಯಾವ ರೂಪದಲ್ಲಿವೆ ಎಂದು ನಾನು ಮೊದಲು ವಿಚಾರಿಸುತ್ತೇನೆ.

ಪುಸ್ತಕ ಓದಲೆಂದೇ ಮಾಡಿದ ಸಾಧನವಾದ ಇ-ರೀಡರಿನ ಪರದೆಯೊಳಗೆ ವಿದ್ಯುದಾವೇಶವುಳ್ಳ ಕಪ್ಪು ಬಿಳುಪು ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಮೂಡಿದ್ದು ಹಾಗೆಯೇ ನಿಲ್ಲುವುದರಿಂದ ಪರದೆಗೆ ಪುಟ ತಿರುವಿದಾಗ ಮಾತ್ರ ವಿದ್ಯುತ್ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಓದಬಹುದು. ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಈ ಪರದೆ ಯಾದಗಿರಿ ರೈಲು ನಿಲ್ದಾಣದ ಮಟಮಟ ಮಧ್ಯಾಹ್ನದಲ್ಲಿಯೂ ಕಾಗದದಷ್ಟೇ ಸ್ಪಷ್ಟವಾಗಿರುತ್ತದೆ.

ಆದರೆ ನಮ್ಮ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿಯೇ ಸಿಗುತ್ತವೆ. ಅಲ್ಲಿ ಪ್ರತಿ ಪುಟವೂ ಒಂದು ಚಿತ್ರ. ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ಪರದೆಗೆ ಹೊಂದಿಕೊಂಡು ಮುರಿಯುವುದಿಲ್ಲ. 21 ಸೆಂಟಿಮೀಟರ್ ಅಗಲದ ಎ4 ಪುಟವನ್ನು ಸುಮಾರು 9 ಸೆಂಟಿಮೀಟರ್ ಅಗಲದ 6 ಇಂಚಿನ ಪರದೆಗೆ ಇಳಿಸಿದರೆ ಒತ್ತಕ್ಷರಗಳು ಕಣ್ಣಿಗೆ ಸಿಗುವುದೇ ಕಷ್ಟ. ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಕ್ಷರಗಳ, ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಇ-ಪಬ್ ಪುಸ್ತಕಗಳಿಗೆ ಈ ತೊಂದರೆಯಿಲ್ಲ. ಅಲ್ಲಿ ಪರೀಕ್ಷಿಸಬೇಕಾದದ್ದು ಬೇರೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಸೂರ್ಯ’ ಎಂಬ ಪದಗಳಿರುವ ಪುಟವನ್ನು ಅಂಗಡಿಯಲ್ಲಿಯೇ ತೆರೆಯಿರಿ. ಒತ್ತುಗಳು ಬಿಡಿಬಿಡಿಯಾಗಿ ಬಿದ್ದಿದ್ದರೆ, ಅರ್ಕಾವತ್ತು ತನ್ನ ಜಾಗದಲ್ಲಿ ಇಲ್ಲದಿದ್ದರೆ, ಆ ಸಾಧನ ಎಷ್ಟೇ ಅಗ್ಗವಾಗಿದ್ದರೂ ಕನ್ನಡ ಓದುಗನಿಗೆ ಬೇಡ.

ಸ್ಕ್ಯಾನ್ ಪುಸ್ತಕ, ಬಣ್ಣದ ನಕ್ಷೆ, ವಿಡಿಯೋ ಪಾಠಗಳೇ ಹೆಚ್ಚಾಗಿದ್ದರೆ 10 ಅಥವಾ 11 ಇಂಚಿನ ಟ್ಯಾಬ್ಲೆಟ್ ಸರಿಯಾದ ಆಯ್ಕೆ. ಅದರ ಪರದೆ ತಾನೇ ಬೆಳಗುವುದರಿಂದ ಬ್ಯಾಟರಿ ಒಂದು ದಿನದ ಮಾತು, ಬಿಸಿಲಿನಲ್ಲಿ ಓದುವುದೂ ಪ್ರಯಾಸವೇ. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ಮೇ ತಿಂಗಳಲ್ಲಿ 40 ದಾಟುವ ನಮ್ಮ ಊರುಗಳಲ್ಲಿ ಕಾದ ಟ್ಯಾಬ್ಲೆಟ್ ಪರದೆಯನ್ನು ಮಂಕಾಗಿಸುವುದು, ಚಾರ್ಜ್ ಆಗುವುದನ್ನು ನಿಲ್ಲಿಸುವುದು ತನ್ನನ್ನು ಕಾಪಾಡಿಕೊಳ್ಳಲಿಕ್ಕೆ. ನೆರಳಿಗೆ ತಂದು ತಣಿಯಲು ಬಿಡಬೇಕು, ಫ್ರಿಜ್‌ನಲ್ಲಿ ಇಡಬಾರದು.

ಮಹಾಪ್ರಬಂಧ ಬರೆಯುವವರಿಗೆ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ತಿದ್ದಬೇಕಾದವರಿಗೆ ಮಾತ್ರ ವಿಂಡೋಸ್ ಇರುವ, ಪೆನ್ನಿನಿಂದಲೂ ಬರೆಯಬಲ್ಲ ಕಂಪ್ಯೂಟರನ್ನು ನಾನು ಸೂಚಿಸುತ್ತೇನೆ. ಯೂನಿಕೋಡ್ ಅಲ್ಲದ ಆ ಕಡತಗಳು ಅವುಗಳ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ; ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಅಡಿಟಿಪ್ಪಣಿ ಸೇರಿಸಿ, ಮುದ್ರಣಕ್ಕೆ ಅಣಿಗೊಳಿಸುವ ಕೆಲಸ ಇಲ್ಲಿಯೇ ಸಲೀಸು. ಒಂದು ಕಂಪನಿಯ ಪೆನ್ನು ಇನ್ನೊಂದರ ಪರದೆಯ ಮೇಲೆ ಬರೆಯುತ್ತದೆಂಬ ಖಾತ್ರಿಯಿಲ್ಲ, ಕೆಲವು ಪೆನ್ನುಗಳಿಗೆ ಬ್ಯಾಟರಿ ಬೇಕು, ಕೆಲವಕ್ಕೆ ಬೇಡ. ಇದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿಯಿರಿ. ಬಳಿಕ ಅಂಗೈಯನ್ನು ಪರದೆಯ ಮೇಲೆ ಊರಿ, ಓರೆಯಾದ ಗೆರೆಯೊಂದನ್ನು ಬಹಳ ನಿಧಾನವಾಗಿ ಎಳೆಯಿರಿ. ಗೆರೆ ಅಲೆಅಲೆಯಾದರೆ, ಅಥವಾ ಅಂಗೈ ತಗುಲಿದ ಕಡೆಯೂ ಗುರುತು ಬಿದ್ದರೆ, ಕನ್ನಡದ ದುಂಡು ಅಕ್ಷರಗಳನ್ನು ಅದರ ಮೇಲೆ ಬರೆಯುವುದು ಕಷ್ಟ.