ಅಡಿಕೆ ಬೇಯಿಸುವ ಮುಂಚೆ ಸಮುದ್ರದ ಕಡೆ ನೋಡೋದು ಹೇಗೆ

ನಮ್ಮ ತೋಟ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರ. ಆದರೂ ಅಕ್ಟೋಬರ್ ಬಂತೆಂದರೆ ನನ್ನ ಕಣ್ಣು ಬಂಗಾಳ ಕೊಲ್ಲಿಯ ಮೇಲೆ. ಬೇಯಿಸಿ ಚಪ್ಪರದ ಮೇಲೆ ಹರಡಿದ ಅಡಿಕೆಗೆ ಒಂದು ವಾರವಾದರೂ ಒಳ್ಳೆ ಬಿಸಿಲು ಬೇಕು, ಅಲ್ವಾ? ನಡುವೆ ಮೂರು ದಿನ ಮೋಡ ಕವಿದು ಜಿಟಿಜಿಟಿ ಹಿಡಿದರೆ ಮುಗೀತು. ಟಾರ್ಪಾಲ್ ಎತ್ತಿ ನೋಡಿದರೆ ಬಿಸಿ ಉಗಿ ಮುಖಕ್ಕೆ ಹೊಡೆಯುತ್ತದೆ, ಅಡಿಕೆ ಕೈಗೆ ಅಂಟುತ್ತದೆ, ಮೇಲೆ ತೆಳ್ಳಗೆ ಬಿಳಿ ಬೂಷ್ಟು. ವರ್ಷದ ದುಡಿಮೆ ಅದು, ಹೊಟ್ಟೆ ಉರಿಯುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ದಡ ಮುಟ್ಟಿದ್ದು ಪುದುಚೇರಿ ಹತ್ತಿರ, ಆದರೆ ಬಲ ಕಳೆದುಕೊಂಡ ಮೇಲೂ ಅದು ಪಶ್ಚಿಮಕ್ಕೆ ಸರಿದು ಅರಬ್ಬಿ ಸಮುದ್ರದವರೆಗೆ ಬಂತು.

ಅಮೆರಿಕದವರು ಹರಿಕೇನ್ ಅನ್ನುವುದೂ ಇದನ್ನೇ. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಒಂದೇ ಸೀಸನ್. ನಮಗೆ ಎರಡು: ಮುಂಗಾರಿಗೆ ಮುಂಚೆ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಮುಂಗಾರಿನಲ್ಲಿ ಕೆಳಗಿನ ಗಾಳಿ ಒಂದು ದಿಕ್ಕು, ಮೇಲಿನ ಗಾಳಿ ಇನ್ನೊಂದು ದಿಕ್ಕು, ಹಾಗಾಗಿ ಸುಳಿ ನೆಟ್ಟಗೆ ಬೆಳೆಯುವುದು ಕಷ್ಟ.

ಸೆಪ್ಟೆಂಬರ್ ಕೊನೆಗೆ ಮೊದಲ ಅಂದಾಜು ಮಾಡಿ. ಸಮುದ್ರದ ಮೇಲ್ಮೈ ಬಿಸಿ ತೋರಿಸುವ ನಕ್ಷೆ ಪುಕ್ಕಟೆ ಸಿಗುತ್ತದೆ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಎರಡೂ ಸಮುದ್ರದಲ್ಲಿ ಆಗ ಅಷ್ಟು ಇದ್ದೇ ಇರುತ್ತದೆ. ಹಾಗಾಗಿ ಯಾವ ಕಡೆ ಮಾಮೂಲಿಗಿಂತ ಜಾಸ್ತಿ ಬಿಸಿ ಅನ್ನುವುದನ್ನು ನೋಡಿ. ಹಿಂದೂ ಮಹಾಸಾಗರದ ಪಶ್ಚಿಮ ಬಿಸಿಯಾಗಿ, ಸುಮಾತ್ರಾ ಕಡೆ ತಣ್ಣಗಿದ್ದರೆ ಅರಬ್ಬಿ ಸಮುದ್ರದ ಮೇಲೆ ಹೆಚ್ಚು ಗಮನ ಇಡಿ. 2019ರಲ್ಲಿ ಹೀಗೇ ಇತ್ತು, ಆ ವರ್ಷ ಅಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಅಂತ ಐದು ಎದ್ದವು.

ಆದರೆ ಈ ಲೆಕ್ಕ ನೋಡಿ ಕೊಯ್ಲಿನ ದಿನ ಗೊತ್ತು ಮಾಡಬೇಡಿ. ವರ್ಷಕ್ಕೆ ಎಷ್ಟು ಚಂಡಮಾರುತ ಅನ್ನುವುದರಿಂದ ನಮಗೇನೂ ಆಗಬೇಕಿಲ್ಲ. ನಮ್ಮ ಅಡಿಕೆ ಚಪ್ಪರದ ಮೇಲಿರುವ ವಾರದಲ್ಲಿ ಹೆಸರೂ ಇಲ್ಲದ ಒಂದು ವಾಯುಭಾರ ಕುಸಿತ ಬಂದರೆ ಸಾಕು. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆ ಮಾತ್ರ ಹೆಸರು ಇಡುತ್ತಾರೆ, ಮೋಡಕ್ಕೆ ಅಷ್ಟೆಲ್ಲ ಬೇಡ.

ಅದಕ್ಕೇ ಅಕ್ಟೋಬರ್‌ನಿಂದ ಪ್ರತಿ ಗುರುವಾರ ಹವಾಮಾನ ಇಲಾಖೆಯ ಮುನ್ನೋಟ ಓದಿ. ಮುಂದಿನ ಎರಡು ವಾರದಲ್ಲಿ ಎಲ್ಲಿ ಸುಳಿ ಹುಟ್ಟಬಹುದು ಅಂತ ಅದರಲ್ಲಿ ಇರುತ್ತದೆ. ಜೊತೆಗೆ ಮ್ಯಾಡನ್-ಜೂಲಿಯನ್ ಅನ್ನುವ ಮೋಡದ ಅಲೆಯ ಚಿತ್ರ ನೋಡಿ. 30ರಿಂದ 60 ದಿನಕ್ಕೊಮ್ಮೆ ಅದು ಪೂರ್ವಕ್ಕೆ ಸಾಗುತ್ತಾ ಭೂಮಿ ಸುತ್ತುತ್ತದೆ; ಚಿತ್ರದಲ್ಲಿ 2 ಮತ್ತು 3ನೇ ಹಂತ ಅಂದರೆ ಹಿಂದೂ ಮಹಾಸಾಗರದ ಮೇಲಿದೆ ಅಂತ ಅರ್ಥ. ಎರಡೂ ಒಂದೇ ಮಾತು ಹೇಳಿದರೆ ಎಚ್ಚರ.

ಆಗ ಏನು ಮಾಡೋದು? ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಬೇಡಿ. ಮರದಲ್ಲಿರುವ ಕೊನೆ ನಾಲ್ಕು ದಿನ ಕಾಯುತ್ತದೆ, ಸುಲಿದ ಅಡಿಕೆ ಕಾಯುವುದಿಲ್ಲ. ತೀರಾ ಬಿಟ್ಟರೆ ಹಣ್ಣಾಗಿ ಗೋಟಿಗೆ (ಹಣ್ಣಡಿಕೆಗೆ) ಹೋಗುತ್ತದೆ, ಆದ್ದರಿಂದ ವಾರಕ್ಕಿಂತ ಹೆಚ್ಚು ಮುಂದೂಡಬೇಡಿ. ಆಗಲೇ ಬೇಯಿಸಿ ಆಗಿದ್ದರೆ ಡ್ರೈಯರ್ ಇರುವವರನ್ನು ಅವತ್ತೇ ಕೇಳಿಡಿ, ಮಳೆ ಶುರುವಾದ ಮೇಲೆ ಊರೆಲ್ಲ ಅಲ್ಲೇ ಇರುತ್ತದೆ. ಗುರುವಾರದ ಮುನ್ನೋಟ ಓದಿ, ಸಂಜೆಯೇ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ಫೋನ್ ಮಾಡಿ ದಿನ ಬದಲಿಸಿಕೊಳ್ಳಿ. ಅವರಿಗೂ ಬೇರೆ ತೋಟಗಳಿವೆ.